ಒಂದೇ ಎಂಜಿನ್, ಎರಡು ಮೈ

ಹಳೆಯ ಅಂಬಾಸಿಡರ್‌ನ ಬಾನೆಟ್ ಎತ್ತಿ ನೋಡಿದವರಿಗೆ ಆ ಭಾಗ ಮರೆಯುವುದಿಲ್ಲ. ಎಂಜಿನ್‌ನ ಪಕ್ಕದಲ್ಲಿ ಬೋರಲು ಹಾಕಿದ ಗಂಟೆಯಂತೆ ಒಂದು ಅಲ್ಯೂಮಿನಿಯಂ ಗುಮ್ಮಟ, ಅದರ ನೆತ್ತಿಗೆ ಒಂದು ಚಿಕ್ಕ ಮುಚ್ಚಳ. ಮೆಕ್ಯಾನಿಕ್ ಆ ಮುಚ್ಚಳವನ್ನು ಬೆರಳಲ್ಲೇ ತಿರುಗಿಸಿ ತೆಗೆಯುತ್ತಿದ್ದ, ಒಳಗೆ ಒಂದಿಷ್ಟು ಎಣ್ಣೆ ಬಿಡುತ್ತಿದ್ದ, ಮತ್ತೆ ಮುಚ್ಚುತ್ತಿದ್ದ. ಅದು ಎಸ್‌ಯು ಕಾರ್ಬೊರೇಟರ್.

ಇಂಗ್ಲೆಂಡಿನ ಆಬಿಂಗ್‌ಡನ್ ಎಂಬ ಊರಿನ ಕಾರ್ಖಾನೆಯಿಂದ 1955ರಲ್ಲಿ ಎಂಜಿ ಕಂಪನಿಯ ಎಂಜಿಎ ಎಂಬ ತೆರೆದ ಸ್ಪೋರ್ಟ್ಸ್ ಕಾರು ಹೊರಬಂತು. ತಗ್ಗಾದ ಮೈ, ಅಲೆಯಂತೆ ಏರಿಳಿಯುವ ಮಡ್ಗಾರ್ಡುಗಳು, ಹೊರಗಡೆ ಹಿಡಿಕೆಯೇ ಇಲ್ಲದ ಬಾಗಿಲು. ಅದರ ಬಾನೆಟ್ ಎತ್ತಿದರೆ ಅದೇ ಗುಮ್ಮಟ ಎರಡು ನಿಂತಿರುತ್ತವೆ. ಅವು ಕೂತಿರುವ ಎಂಜಿನ್ 1489 ಸಿಸಿ. ಉತ್ತರಪಾರಾದಲ್ಲಿ ತಯಾರಾಗಿ ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲೂ ವಿಧಾನಸೌಧದ ಮೆಟ್ಟಿಲ ಮುಂದೂ ನಿಂತಿರುತ್ತಿದ್ದ ಅಂಬಾಸಿಡರ್‌ನದೂ 1489 ಸಿಸಿಯೇ. ಇದು ಕಾಕತಾಳೀಯವಲ್ಲ. ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ, ಅಂದರೆ ಬಿಎಂಸಿಯ, ಬಿ-ಸೀರೀಸ್ ಎಂಜಿನ್‌ಗಳು. ಸಿಲಿಂಡರಿನ ಅಗಲ, ಅಂದರೆ ಬೋರ್, 73 ಮಿಲಿಮೀಟರ್; ಪಿಸ್ಟನ್ ಏರಿಳಿಯುವ ದೂರ, ಅಂದರೆ ಸ್ಟ್ರೋಕ್, 88.9 ಮಿಲಿಮೀಟರ್. ಇದರಲ್ಲೂ ಅಷ್ಟೇ, ಅದರಲ್ಲೂ ಅಷ್ಟೇ.

ಎರಡನೇ ಮಹಾಯುದ್ಧದ ನಂತರದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂದರೆ ಬಹುಪಾಲು ಇಷ್ಟೇ: ಮನೆಮಂದಿಯೆಲ್ಲ ಕೂರುವ ಸಲೂನ್ ಕಾರಿನ ಭಾಗಗಳನ್ನು ತೆಗೆದುಕೊಂಡು, ಬೇರೆ ರೀತಿಯಲ್ಲಿ ಜೋಡಿಸಿ, ಹಗುರವಾದ ತಗ್ಗು ಮೈ ತೊಡಿಸಿದ್ದು. ಹೀಗೆ ಹೇಳಿದರೆ ಆ ಕಾರುಗಳ ಬೆಲೆ ಇಳಿಯುವುದಿಲ್ಲ. ಅವುಗಳ ಜಾಣತನವೇ ಅಲ್ಲಿದೆ ಎಂದು ನಾನು ನಂಬುತ್ತೇನೆ. ಇದನ್ನು ತಿಳಿದುಕೊಂಡರೆ ಆ ಕಾರು ಹೇಗೆ ಓಡುತ್ತದೆ, ಯಾಕೆ ಕೈಕೊಡುತ್ತದೆ, ಹೇಗೆ ಸರಿಮಾಡಬೇಕು ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ.

ಯುದ್ಧ ಮುಗಿದಾಗ ಬ್ರಿಟನ್ನಿನ ಬೊಕ್ಕಸ ಬರಿದಾಗಿತ್ತು, ಉಕ್ಕು ರೇಷನ್ನಿನಲ್ಲಿತ್ತು. ಹೆಚ್ಚು ರಫ್ತು ಮಾಡುವ ಕಾರ್ಖಾನೆಗೆ ಹೆಚ್ಚು ಉಕ್ಕು ಎಂಬುದು ಸರ್ಕಾರದ ನೀತಿ. ಹೊಸ ಎಂಜಿನ್ ಒಂದನ್ನು ತಯಾರಿಸಲು ಬೇಕಾದ ಅಚ್ಚು, ಯಂತ್ರ, ಉಪಕರಣಗಳಿಗೆ ಅಪಾರ ಹಣ ಬೇಕು. ವರ್ಷಕ್ಕೆ ಕೆಲವೇ ಸಾವಿರ ಮಾರಾಟವಾಗುವ ಸ್ಪೋರ್ಟ್ಸ್ ಕಾರಿಗೆ ಅಷ್ಟು ಸುರಿಯಲಾಗದು. ಲಕ್ಷಗಟ್ಟಲೆ ಮಾರುವ ಸಲೂನ್‌ಗೆಂದು ಮಾಡಿದ ಎಂಜಿನ್ ಹೇಗೂ ಇದೆಯಲ್ಲ! ಇತ್ತ ಅಮೆರಿಕದ ಗಿರಾಕಿಗಳಿಗೆ ಇಂಗ್ಲೆಂಡಿನ ಚಿಕ್ಕ ತೆರೆದ ಕಾರುಗಳ ರುಚಿ ಹತ್ತಿತ್ತು. 1945ರಲ್ಲೇ ತಯಾರಿಕೆ ಶುರುವಾದ ಎಂಜಿ ಟಿಸಿ ಆ ದಾರಿ ತೆರೆಯಿತು. ಅದಕ್ಕೆ ಎಡಗೈ ಸ್ಟಿಯರಿಂಗ್ ಕೂಡ ಇರಲಿಲ್ಲ, ಆದರೂ ಕೊಂಡರು. ಮುಂದೆ ಒಂದು ಲಕ್ಷಕ್ಕೂ ಹೆಚ್ಚು ಎಂಜಿಎ ತಯಾರಾದಾಗ ಅದರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಪಾಲು ಹೊರದೇಶಗಳಿಗೇ ಹೋಯಿತು.

ಎಂಜಿನ್‌ನ ಸ್ವಭಾವ ತಿಳಿಯಲು ಒಂದು ಹಳೆಯ ತೆರಿಗೆಯ ಕಡೆ ನೋಡಬೇಕು. ಬ್ರಿಟನ್ನಿನಲ್ಲಿ 1946ರ ಕೊನೆಯವರೆಗೂ ಕಾರಿನ ತೆರಿಗೆಯನ್ನು ‘ಹಾರ್ಸ್‌ಪವರ್’ ಲೆಕ್ಕದಲ್ಲಿ ಹಾಕುತ್ತಿದ್ದರು. ಅದು ಎಂಜಿನ್‌ನ ನಿಜವಾದ ಶಕ್ತಿಯಲ್ಲ, ಕಾಗದದ ಮೇಲಿನ ಲೆಕ್ಕ. ಸಿಲಿಂಡರಿನ ಅಗಲವನ್ನು ಇಂಚಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಸಿಲಿಂಡರುಗಳ ಸಂಖ್ಯೆಯಿಂದ ಮತ್ತೊಮ್ಮೆ ಗುಣಿಸಿ, ಎರಡೂವರೆಯಿಂದ ಭಾಗಿಸಬೇಕು. ಎರಡೂವರೆ ಇಂಚು ಬೋರಿನ ನಾಲ್ಕು ಸಿಲಿಂಡರಿಗೆ ಹತ್ತು ಹಾರ್ಸ್‌ಪವರ್. ಮೋರಿಸ್ ಏಟ್, ಆಸ್ಟಿನ್ ಟೆನ್ ಎಂಬ ಹೆಸರುಗಳಲ್ಲಿರುವ ಅಂಕಿ ಈ ತೆರಿಗೆಯ ಅಂಕಿಯೇ. ಈ ಲೆಕ್ಕದಲ್ಲಿ ಪಿಸ್ಟನ್ ಎಷ್ಟು ದೂರ ಚಲಿಸುತ್ತದೆ ಎಂಬುದಕ್ಕೆ ಸುಂಕವೇ ಇಲ್ಲ. ಎಂಜಿನಿಯರುಗಳು ಬೋರನ್ನು ಕಿರಿದು ಮಾಡಿ ಸ್ಟ್ರೋಕನ್ನು ಉದ್ದ ಮಾಡಿದರು. 1948ರ ಜನವರಿಯಿಂದ ಎಲ್ಲ ಹೊಸ ಕಾರಿಗೂ ಒಂದೇ ದರದ ತೆರಿಗೆ ಬಂದರೂ, ಅದಕ್ಕೆ ಮೊದಲೇ ರೂಪುಗೊಂಡ ಎಂಜಿನ್‌ಗಳ ವಂಶದಲ್ಲಿ ಆ ಉದ್ದನೆಯ ಸ್ಟ್ರೋಕ್ ಉಳಿಯಿತು. ಬಿ-ಸೀರೀಸ್‌ನ 88.9 ಮಿಲಿಮೀಟರ್ 1947ರ ಆಸ್ಟಿನ್ ಎ40ಯಿಂದ ಬಂದ ಅಳತೆ.

ಉದ್ದ ಸ್ಟ್ರೋಕಿನ ಎಂಜಿನ್ ಬಹಳ ವೇಗವಾಗಿ ತಿರುಗಲು ಒಪ್ಪುವುದಿಲ್ಲ, ಪಿಸ್ಟನ್ ಪ್ರತಿ ಸುತ್ತಿಗೂ ದೂರ ಓಡಬೇಕಲ್ಲ. ಆದರೆ ನಿಧಾನವಾಗಿ ತಿರುಗುವಾಗಲೇ ಒಳ್ಳೆಯ ಎಳೆತ ಕೊಡುತ್ತದೆ. ಎಂಟು ಜನ, ಮೇಲೆ ಕ್ಯಾರಿಯರಿನಲ್ಲಿ ಹಾಸಿಗೆ ಸುರುಳಿ, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ ಹೇರಿಕೊಂಡು ಅಂಬಾಸಿಡರ್ ಚಾರ್ಮಾಡಿ ಘಾಟಿ ಏರುತ್ತಿದ್ದುದು ಈ ಗುಣದಿಂದ. ಎಂಜಿಎ ಓಡಿಸುವವನು ತಿರುವಿನಿಂದ ಹೊರಬರುವಾಗ ಗೇರು ಇಳಿಸದೆ ಕಾರು ಮುನ್ನುಗ್ಗುವುದನ್ನು ಅನುಭವಿಸುವುದೂ ಇದೇ ಗುಣದಿಂದ.

ಹಾಗಾದರೆ ಅದೇ ಎಂಜಿನ್ ಒಂದು ಕಡೆ ಟ್ಯಾಕ್ಸಿಯನ್ನೂ ಇನ್ನೊಂದು ಕಡೆ ಗಂಟೆಗೆ 150 ಕಿಲೊಮೀಟರ್ ಮೀರಿ ಓಡುವ ಕಾರನ್ನೂ ನಡೆಸುವುದು ಹೇಗೆ? ಮೂರು ಕೆಲಸ ಮಾಡಿದರು. ಮೊದಲನೆಯದು ಕಂಪ್ರೆಷನ್. ಪಿಸ್ಟನ್ ಮೇಲೆ ಬಂದಾಗ ಪೆಟ್ರೋಲ್-ಗಾಳಿಯ ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬ ಲೆಕ್ಕ ಅದು. ಎಂಜಿಎಯಲ್ಲಿ 8.3 ಪಟ್ಟು. ಅಂಬಾಸಿಡರ್‌ನಲ್ಲಿ ಅದಕ್ಕಿಂತ ಕಡಿಮೆ, ಯಾಕೆಂದರೆ ನಮ್ಮಲ್ಲಿ ಆಗ ಸಿಗುತ್ತಿದ್ದ ಪೆಟ್ರೋಲಿಗೆ ಹೆಚ್ಚು ಹಿಂಡಿದರೆ ಎಂಜಿನ್ ಕಟಕಟ ಬಡಿಯುತ್ತಿತ್ತು. ಎರಡನೆಯದು ತೂಕ. ಎಂಜಿಎ ಸುಮಾರು 900 ಕಿಲೊ. ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಂ, ಕಾಲಡಿಯ ನೆಲ ಪ್ಲೈವುಡ್. ಅದರ ವಿನ್ಯಾಸಕ ಸಿಡ್ ಎನೆವರ್ ಚಾಸಿಯ ಎರಡು ಉದ್ದ ತೊಲೆಗಳನ್ನು ಅಗಲಕ್ಕೆ ಸರಿಸಿ, ಸೀಟುಗಳನ್ನು ಅವುಗಳ ನಡುವೆ ಇಳಿಸಿಬಿಟ್ಟರು. ಕೂತವರ ತಲೆ ತಗ್ಗಿತು, ಕಾರಿನ ಮೈ ತಗ್ಗಿತು, ಎದುರುಗಾಳಿ ಕಡಿಮೆಯಾಯಿತು. ಮೂರನೆಯದು ಉಸಿರಾಟ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು.

ಬಿ-ಸೀರೀಸ್‌ನ ಸಿಲಿಂಡರ್ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಬೇರೆ ಬೇರೆ ಒಳದಾರಿಗಳಿಲ್ಲ. ಒಂದು ಮತ್ತು ಎರಡನೇ ಸಿಲಿಂಡರಿಗೆ ಸೇರಿ ಒಂದು, ಮೂರು ಮತ್ತು ನಾಲ್ಕಕ್ಕೆ ಸೇರಿ ಇನ್ನೊಂದು. ಹೊಗೆ ಹೋಗುವ ದಾರಿ ಮೂರು, ನಡುವಿನದನ್ನು ಎರಡು ಸಿಲಿಂಡರುಗಳು ಹಂಚಿಕೊಳ್ಳುತ್ತವೆ. ಐದೂ ಒಂದೇ ಮಗ್ಗುಲಲ್ಲಿ. ಅಗ್ಗವಾಗಿ ಎರಕ ಹೊಯ್ಯಲು ಇದು ಅನುಕೂಲ. ಆದರೆ ಉರಿಯುವ ಕ್ರಮ 1-3-4-2. ಅಂದರೆ ಎರಡು ಉಸಿರೆಳೆದ ಕೂಡಲೇ ಒಂದು ಎಳೆಯುತ್ತದೆ, ಅದೇ ದಾರಿಯಿಂದ. ಆಮೇಲೆ ಆ ದಾರಿಗೆ ಬಿಡುವು. ಅತ್ತ ಮೂರು, ನಾಲ್ಕು ಬೆನ್ನುಬೆನ್ನಿಗೆ ಎಳೆಯುತ್ತವೆ. ಒಂದೇ ಎಳನೀರಿಗೆ ಎರಡು ಮಕ್ಕಳು ಒಂದೇ ಕೊಳವೆ ಹಾಕಿಕೊಂಡಂತೆ. ಸಲೂನ್‌ನಲ್ಲಿ ಈ ಎರಡೂ ದಾರಿಗೆ ಒಂದೇ ಕಾರ್ಬೊರೇಟರ್ ಉಣಿಸುತ್ತದೆ. ಮಿಶ್ರಣ ಅಲ್ಲಿಂದ ಇಲ್ಲಿಗೆ ಸುತ್ತಿ ಹೋಗಬೇಕು. ಎಂಜಿಎಯಲ್ಲಿ ಪ್ರತಿ ದಾರಿಯ ಬಾಯಿಗೇ ಒಂದೊಂದು ಕಾರ್ಬೊರೇಟರ್ ಇಟ್ಟರು. ಸುಮಾರು 50ರ ಆಸುಪಾಸಿನಲ್ಲಿದ್ದ ಅಶ್ವಶಕ್ತಿ ಎಂಜಿಎಯಲ್ಲಿ ಮೊದಲು 68, ಬಳಿಕ 72 ಆಯಿತು. ಬ್ಲಾಕ್ ಬದಲಾಗಲಿಲ್ಲ.

ಇನ್ನು ಆ ಗುಮ್ಮಟದೊಳಗೆ ಏನಿದೆ ಎಂಬುದಕ್ಕೆ ಬರೋಣ. ಎಸ್‌ಯು ಎಂದರೆ ಸ್ಕಿನ್ನರ್ ಯೂನಿಯನ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದನ್ನು ರೂಪಿಸಿದ ಸ್ಕಿನ್ನರ್ ಸೋದರರದು ಲಂಡನ್ನಿನ ಬೂಟಿನ ವ್ಯಾಪಾರದ ಮನೆತನ. ಮೊದಲ ಎಸ್‌ಯುಗಳಲ್ಲಿ ಕುಲುಮೆಯ ತಿದಿಯ ಹಾಗೆ ಚರ್ಮದ ತಿದಿಯೇ ಇತ್ತು. 1926ರಲ್ಲಿ ಕಾರು ತಯಾರಕ ವಿಲಿಯಂ ಮೋರಿಸ್ ಆ ಕಂಪನಿಯನ್ನು ಕೊಂಡರು. ಅಲ್ಲಿಂದ ಮುಂದೆ ಮೋರಿಸ್ ಮೈನರ್‌ನಿಂದ ಹಿಡಿದು ಜಾಗ್ವಾರ್‌ವರೆಗೆ ಎಲ್ಲದರಲ್ಲೂ ಅದೇ. 1961ರ ಜಾಗ್ವಾರ್ ಇ-ಟೈಪಿನಲ್ಲಿ ಮೂರು ಎಸ್‌ಯುಗಳು ಸಾಲಾಗಿ ನಿಂತಿವೆ.

ಸಾಮಾನ್ಯ ಕಾರ್ಬೊರೇಟರಿನಲ್ಲಿ ಗಾಳಿ ಹೋಗುವ ಗಂಟಲಿನ ಅಗಲ ಒಂದೇ. ಎಂಜಿನ್ ನಿಧಾನವಾಗಿರುವಾಗ ಗಾಳಿ ಮೆಲ್ಲಗೆ ಹರಿಯುತ್ತದೆ, ಪೆಟ್ರೋಲನ್ನು ಎಳೆಯುವಷ್ಟು ಬಲ ಅದಕ್ಕಿರುವುದಿಲ್ಲ. ಅದಕ್ಕೆಂದು ನಿಧಾನಕ್ಕೊಂದು ಜೆಟ್ (ಪೆಟ್ರೋಲ್ ಬರುವ ತೂತು), ವೇಗಕ್ಕೊಂದು ಜೆಟ್, ಆಕ್ಸಿಲರೇಟರ್ ಒತ್ತಿದಾಗ ಚಿಮ್ಮಿಸಲು ಒಂದು ಪಂಪು, ಹೀಗೆ ಜೋಡಿಸುತ್ತ ಹೋಗಬೇಕು. ಎಸ್‌ಯುನಲ್ಲಿ ಗಂಟಲೇ ಹಿಗ್ಗಿ ಕುಗ್ಗುತ್ತದೆ. ಗುಮ್ಮಟದೊಳಗೆ ಒಂದು ಪಿಸ್ಟನ್ ತೂಗುತ್ತಿರುತ್ತದೆ. ಅದರ ಮೇಲ್ಭಾಗ ಅಗಲವಾದ ತಟ್ಟೆ, ಕೆಳಭಾಗ ಗಾಳಿಯ ದಾರಿಗೆ ಅಡ್ಡ ಇಳಿದ ಬಾಗಿಲು. ಈ ಬಾಗಿಲಿನ ಆಚೆ, ಎಂಜಿನ್ ಕಡೆಗೆ, ಗಾಳಿಯ ಒತ್ತಡ ಕಡಿಮೆ. ಪಿಸ್ಟನ್ನಿನ ತಳದಲ್ಲಿರುವ ರಂಧ್ರದ ಮೂಲಕ ಆ ಕಡಿಮೆ ಒತ್ತಡ ಗುಮ್ಮಟದ ಮೇಲಿನ ಕೋಣೆಗೂ ಹರಡುತ್ತದೆ. ತಟ್ಟೆಯ ಕೆಳಗೆ ಮಾತ್ರ ಹೊರಗಿನ ಸಾಮಾನ್ಯ ಗಾಳಿ. ಮೇಲೆ ಕಡಿಮೆ, ಕೆಳಗೆ ಹೆಚ್ಚು, ಹಾಗಾಗಿ ಪಿಸ್ಟನ್ ಏರುತ್ತದೆ. ಏರಿದಂತೆ ದಾರಿ ಅಗಲವಾಗುತ್ತದೆ, ಎಳೆತ ಸಡಿಲವಾಗುತ್ತದೆ, ತನ್ನ ಭಾರಕ್ಕೆ ಸರಿಹೊಂದುವ ಎತ್ತರದಲ್ಲಿ ಪಿಸ್ಟನ್ ನಿಲ್ಲುತ್ತದೆ. ಎಂಜಿನ್ ಎಷ್ಟೇ ಕೇಳಲಿ, ಜೆಟ್ಟಿನ ಬಾಯಿಯ ಮೇಲೆ ಹಾದುಹೋಗುವ ಗಾಳಿಯ ವೇಗ ಹೆಚ್ಚುಕಡಿಮೆ ಒಂದೇ. ಆಕ್ಸಿಲರೇಟರ್ ಪೆಡಲ್ಲಿಗೂ ಈ ಪಿಸ್ಟನ್ನಿಗೂ ನೇರ ಸಂಬಂಧವಿಲ್ಲ. ನಾವು ತೆರೆಯುವುದು ಅದರ ಹಿಂದಿನ ಚಿಟ್ಟೆಬಾಗಿಲನ್ನು ಮಾತ್ರ. ಉಳಿದುದನ್ನು ಎಂಜಿನ್ನೇ ತನ್ನ ಉಸಿರಿನಿಂದ ತೀರ್ಮಾನಿಸುತ್ತದೆ.

ಪಿಸ್ಟನ್ನಿನ ತಳದಿಂದ ಒಂದು ಸೂಜಿ ಕೆಳಗೆ ಇಳಿದಿರುತ್ತದೆ. ತುದಿಗೆ ಹೋದಂತೆ ಸಣ್ಣಗಾಗುವ ಸೂಜಿ. ಅದು ಸುಮಾರು 2.3 ಮಿಲಿಮೀಟರ್ ತೂತಿನ ಜೆಟ್ಟಿನೊಳಗೆ ಆಡುತ್ತದೆ. ಪಿಸ್ಟನ್ ಏರಿದರೆ ಸೂಜಿಯ ಸಣ್ಣ ಭಾಗ ಜೆಟ್ಟಿಗೆ ಬರುತ್ತದೆ, ಸುತ್ತಲಿನ ಸಂದು ಹೆಚ್ಚುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ಗಾಳಿ ಹೆಚ್ಚಿದಷ್ಟು ಪೆಟ್ರೋಲ್ ಹೆಚ್ಚು. ಯಾವ ಎತ್ತರದಲ್ಲಿ ಎಷ್ಟು ಸಣ್ಣ ಎಂಬುದನ್ನು ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ತಿರುಗಣೆಯಲ್ಲಿ ತೇಯ್ದಿರುತ್ತಾರೆ. ಒಂದೊಂದು ಎಂಜಿನ್‌ಗೆ ಒಂದೊಂದು ಸೂಜಿ, ಅದರ ಮೇಲೆ ಅಕ್ಷರದ ಗುರುತು. ಇಡೀ ಎಂಜಿನ್‌ನ ಗುಣ ಆ ಸೂಜಿಯ ಮೈಯಲ್ಲಿ ಬರೆದಿರುತ್ತದೆ. ಯಂತ್ರಗಳಲ್ಲಿ ಇದಕ್ಕಿಂತ ಚೆಲುವಾದ ಉಪಾಯವನ್ನು ನಾನು ಹೆಚ್ಚು ಕಂಡಿಲ್ಲ.

ಮೆಕ್ಯಾನಿಕ್ ಬಿಡುತ್ತಿದ್ದ ಎಣ್ಣೆ ಯಾಕೆ? ಪಿಸ್ಟನ್ನಿನ ನಡುವಿನ ಟೊಳ್ಳು ಕಂಬದೊಳಗೆ, ಮುಚ್ಚಳಕ್ಕೆ ಅಂಟಿಕೊಂಡ ಒಂದು ಕಡ್ಡಿ ಇಳಿದಿರುತ್ತದೆ. ಅದರ ತುದಿಯಲ್ಲಿ ಪುಟ್ಟ ಡ್ಯಾಂಪರ್. ಏರುವ ಪಿಸ್ಟನ್ನನ್ನು ಅದು ತಡೆಯುತ್ತದೆ, ಇಳಿಯುವಾಗ ಬಿಟ್ಟುಬಿಡುತ್ತದೆ. ಪೆಡಲ್ ಒಮ್ಮೆಲೇ ಒತ್ತಿದಾಗ ಪಿಸ್ಟನ್ ಕೂಡಲೇ ಹಾರದೆ ಒಂದು ಕ್ಷಣ ತಡೆದರೆ, ಆ ಕ್ಷಣ ಜೆಟ್ಟಿನ ಮೇಲೆ ಎಳೆತ ಹೆಚ್ಚಾಗಿ ಮಿಶ್ರಣಕ್ಕೆ ತುಸು ಹೆಚ್ಚು ಪೆಟ್ರೋಲ್ ಸಿಗುತ್ತದೆ. ಬೇರೆ ಕಾರ್ಬೊರೇಟರುಗಳಲ್ಲಿ ಪಂಪು ಮಾಡುವ ಕೆಲಸವನ್ನು ಇಲ್ಲಿ ಒಂದು ಚಮಚ ಎಣ್ಣೆ ಮಾಡುತ್ತದೆ. ಎಣ್ಣೆ ಬತ್ತಿದರೆ ಪಿಕಪ್ ಇಲ್ಲ, ಪೆಡಲ್ ಒತ್ತಿದಾಗ ಎಂಜಿನ್ ಒಮ್ಮೆ ಮುಗ್ಗರಿಸಿ ಆಮೇಲೆ ಓಡುತ್ತದೆ. ಕಾರ್ಬೊರೇಟರ್ ಬಿಚ್ಚುವ ಮೊದಲು ಮುಚ್ಚಳ ತೆಗೆದು ನೋಡಿ. ತೆಳುವಾದ ಎಂಜಿನ್ ಆಯಿಲ್ ಸಾಕು. ದಪ್ಪ ಗೇರ್ ಆಯಿಲ್ ಹಾಕಬೇಡಿ, ಪಿಸ್ಟನ್ ಏರಲು ತಡವಾಗಿ ಎಂಜಿನ್ ಕಪ್ಪು ಹೊಗೆ ಉಗುಳುತ್ತದೆ.

ಎರಡು ಕಾರ್ಬೊರೇಟರಿನ ಕಾರನ್ನು ಟ್ಯೂನ್ ಮಾಡುವುದೆಂದರೆ ಅನೇಕರಿಗೆ ಭಯ. ಕ್ರಮ ತಪ್ಪಿದರೆ ಮಾತ್ರ ಭಯಪಡಬೇಕು. ಮೊದಲು ಟ್ಯಾಪೆಟ್, ಪ್ಲಗ್, ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸರಿಮಾಡಿಕೊಳ್ಳಬೇಕು. ಲ್ಯೂಕಾಸ್ ಡಿಸ್ಟ್ರಿಬ್ಯೂಟರಿನ ಪಾಯಿಂಟಿಗೆ ಸುಮಾರು 0.38 ಮಿಲಿಮೀಟರ್ ಸಂದು. ಇಗ್ನಿಷನ್ ತಪ್ಪಿದ್ದರೆ ಕಾರ್ಬೊರೇಟರ್ ಮುಟ್ಟಿ ಪ್ರಯೋಜನವಿಲ್ಲ. ಆಮೇಲೆ ಎಂಜಿನ್ ನಿಲ್ಲಿಸಿ, ಗಾಳಿಯ ಬಾಯಿಯಿಂದ ಬೆರಳು ಹಾಕಿ ಪಿಸ್ಟನ್ ಎತ್ತಿ ಬಿಡಿ. ‘ಟಕ್’ ಎಂದು ಲೋಹಕ್ಕೆ ಲೋಹ ತಾಗುವ ಸ್ಪಷ್ಟ ಶಬ್ದ ಬರಬೇಕು. ಶಬ್ದವಿಲ್ಲದೆ ಮೆತ್ತಗೆ ಇಳಿದರೆ ಸೂಜಿ ಜೆಟ್ಟಿನ ಗೋಡೆಗೆ ತಾಗುತ್ತಿದೆ ಎಂದರ್ಥ. ಜೆಟ್ಟನ್ನು ಸಡಿಲಿಸಿ ಮಧ್ಯಕ್ಕೆ ತಂದು ಮತ್ತೆ ಬಿಗಿಯಬೇಕು.

ಮುಂದೆ ಗಾಳಿಯ ಸಮತೋಲ. ಎರಡು ಕಾರ್ಬೊರೇಟರನ್ನು ಕೂಡಿಸುವ ಸರಳಿನ ಹಿಡಿತ ಸಡಿಲಿಸಿ, ಒಂದು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದು ತುದಿಯನ್ನು ಕಾರ್ಬೊರೇಟರಿನ ಬಾಯಿಗೂ ಹಿಡಿಯಬೇಕು. ಬುಸ್ ಎಂಬ ಸದ್ದು ಕೇಳುತ್ತದೆ. ಎರಡರಲ್ಲೂ ಅದು ಸಮನಾಗುವವರೆಗೆ ಸ್ಲೋ ಸ್ಕ್ರೂ ತಿರುಗಿಸಬೇಕು. ಇದಕ್ಕೆ ಮೀಟರುಗಳೂ ಬಂದಿವೆ, ಆದರೆ ಕಿವಿ ಕೆಟ್ಟ ಉಪಕರಣವಲ್ಲ. ವೀಣೆಯ ತಂತಿ ಕೂಡಿಸುವವರು ಮಾಡುವುದೂ ಇದನ್ನೇ.

ಕೊನೆಗೆ ಮಿಶ್ರಣ. ಜೆಟ್ಟಿನ ಕೆಳಗೆ ಆರು ಮುಖದ ಒಂದು ನಟ್ಟಿದೆ. ಮೇಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಕೆಳಕ್ಕೆ ತಿರುಗಿಸಿದರೆ ಹೆಚ್ಚು. ಪೂರ್ತಿ ಮೇಲೆ ಒಯ್ದು, ಅಲ್ಲಿಂದ ಹನ್ನೆರಡು ಮುಖ, ಎಂದರೆ ಎರಡು ಸುತ್ತು ಕೆಳಗಿಳಿಸಿ ಶುರುಮಾಡುವುದು ವಾಡಿಕೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ತೆಳುವಾದ ಸ್ಕ್ರೂಡ್ರೈವರಿನಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ, ಕೂದಲೆಳೆಯಷ್ಟು, ಎತ್ತಿ. ಎಂಜಿನ್ ವೇಗ ಏರಿ ಹಾಗೆಯೇ ನಿಂತರೆ ಮಿಶ್ರಣ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಕುಸಿದು ನಿಂತುಹೋದರೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಕ್ಷಣಕಾಲ ತುಸು ಏರಿ ಮತ್ತೆ ಮೊದಲಿನಂತಾದರೆ ಸರಿಯಾಗಿದೆ. ಒಂದೊಂದೇ ಮುಖ ತಿರುಗಿಸಿ, ಎರಡೂ ಕಾರ್ಬೊರೇಟರಿಗೆ ಮಾಡಿ, ಒಂದನ್ನು ಮುಟ್ಟಿದ ಮೇಲೆ ಇನ್ನೊಂದನ್ನು ಮತ್ತೆ ಪರೀಕ್ಷಿಸಿ. ನಾಲ್ಕು ದಿನ ಓಡಿಸಿ ಪ್ಲಗ್ ಬಿಚ್ಚಿದಾಗ ಅದರ ಮೂತಿ ಹಾಲು ಬೆರೆತ ಕಾಫಿಯ ಬಣ್ಣಕ್ಕಿದ್ದರೆ ಕೆಲಸ ಮುಗಿಯಿತು. ಮಸಿಯಂತೆ ಕಪ್ಪಿದ್ದರೆ ರಿಚ್, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್.

ಎಂಜಿ ಒಂದೇ ಹೀಗೆ ಮಾಡಿದ್ದಲ್ಲ. ಟ್ರಯಂಫ್ ಟಿಆರ್2 ಇನ್ನೂ ದೂರ ಹೋಯಿತು. 1953ರಲ್ಲಿ ಬಂದ ಆ ಕಾರಿನ ಎಂಜಿನ್ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಸಲೂನ್‌ನದು. ಅದೇ ಕುಟುಂಬದ ಎಂಜಿನ್ ಹೊಲ ಉಳುವ ಫರ್ಗುಸನ್ ಟ್ರಾಕ್ಟರಿನಲ್ಲೂ ಇತ್ತು! ಈ ಎಂಜಿನ್‌ನಲ್ಲಿ ಸಿಲಿಂಡರುಗಳನ್ನು ಬ್ಲಾಕಿನಲ್ಲೇ ಕೊರೆದಿಲ್ಲ. ಬೇರೆ ಕೊಳವೆಗಳಾಗಿ ಮಾಡಿ ಇಳಿಸಿದ್ದಾರೆ, ಅವುಗಳ ಹೊರಮೈಗೆ ನೇರವಾಗಿ ನೀರು ತಾಗುತ್ತದೆ. ಕೊಳವೆ ಬದಲಿಸಿದರೆ ಅಳತೆಯೇ ಬದಲು. ವ್ಯಾನ್‌ಗಾರ್ಡಿನಲ್ಲಿ 85 ಮಿಲಿಮೀಟರ್ ಬೋರಿನಿಂದ 2088 ಸಿಸಿ. ಎರಡು ಲೀಟರ್ ಒಳಗಿನ ಪಂದ್ಯಗಳಿಗೆ ಹೊಂದಬೇಕೆಂದು ಟಿಆರ್2ರಲ್ಲಿ 83 ಮಿಲಿಮೀಟರ್ ಕೊಳವೆ ಹಾಕಿ 1991 ಸಿಸಿ ಮಾಡಿದರು. ಎರಡು ಎಸ್‌ಯು ಸೇರಿಸಿ 90 ಅಶ್ವಶಕ್ತಿ. ಸವೆದ ಎಂಜಿನ್‌ಗೆ ಬೋರ್ ಮಾಡಿಸುವ ರಗಳೆ ಇಲ್ಲ, ಹೊಸ ಕೊಳವೆ, ಹೊಸ ಪಿಸ್ಟನ್ ಇಳಿಸಿದರಾಯಿತು. ಹೆಡ್ ಬಿಚ್ಚಿದಾಗ ಮಾತ್ರ ಎಚ್ಚರ ಬೇಕು. ಕೊಳವೆಗಳನ್ನು ಹಿಡಿದಿಡದೆ ಕ್ರ್ಯಾಂಕ್ ತಿರುಗಿಸಿದರೆ ಅವು ಎದ್ದುಬಿಡುತ್ತವೆ, ತಳದ ಸೀಲು ಹಾಳಾಗಿ ನೀರು ಕೆಳಗಿನ ಎಣ್ಣೆಯ ಸಂಪಿಗೆ ಇಳಿಯುತ್ತದೆ.

1952ರ ಆಸ್ಟಿನ್-ಹೀಲಿ 100ಕ್ಕೆ ಬಂದದ್ದು ಆಸ್ಟಿನ್ ಎ90 ಅಟ್ಲಾಂಟಿಕ್‌ನ 2660 ಸಿಸಿ ಎಂಜಿನ್. ಆ ಕಾರು ಅಮೆರಿಕದಲ್ಲಿ ಹೆಚ್ಚು ಮಾರಾಟವಾಗಲಿಲ್ಲ, ಎಂಜಿನ್ ಮಾತ್ರ ಹೀಲಿಯ ಹೊಟ್ಟೆಯಲ್ಲಿ ಅಮೆರಿಕವನ್ನು ಗೆದ್ದಿತು. 1958ರ ಪುಟ್ಟ ಆಸ್ಟಿನ್-ಹೀಲಿ ಸ್ಪ್ರೈಟ್, ಕಪ್ಪೆಗಣ್ಣಿನಂತೆ ಬಾನೆಟ್ ಮೇಲೆ ದೀಪ ಹೊತ್ತ ಕಾರು, ಎಂಜಿನ್ ಮತ್ತು ಮುಂದಿನ ಸಸ್ಪೆನ್ಷನ್ನನ್ನು ಆಸ್ಟಿನ್ ಎ35ರಿಂದಲೂ ಸ್ಟಿಯರಿಂಗ್ ರ‍್ಯಾಕನ್ನು ಮೋರಿಸ್ ಮೈನರ್‌ನಿಂದಲೂ ಪಡೆಯಿತು.

ಜಾಗ್ವಾರ್‌ನ ಕಥೆ ತಿರುಗುಮುರುಗು, ಆದರೂ ಅದೇ ಕಥೆ. ಯುದ್ಧದ ರಾತ್ರಿಗಳಲ್ಲಿ ಕಾರ್ಖಾನೆಯ ಮೇಲೆ ಬಾಂಬು ಬಿದ್ದು ಬೆಂಕಿ ಹತ್ತೀತೆಂದು ಕಾವಲು ಕೂತಾಗ ಕಂಪನಿಯ ಮುಖ್ಯಸ್ಥ ವಿಲಿಯಂ ಲಯನ್ಸ್ ತಮ್ಮ ಎಂಜಿನಿಯರುಗಳ ಜೊತೆ ಒಂದು ಹೊಸ ಎಂಜಿನ್ ಬಗ್ಗೆ ಚರ್ಚಿಸುತ್ತಿದ್ದರು. ಆರು ಸಿಲಿಂಡರ್, ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್, 3442 ಸಿಸಿ, 160 ಅಶ್ವಶಕ್ತಿ. ಅದನ್ನು ರೂಪಿಸಿದ್ದು ದೊಡ್ಡ ಸಲೂನ್‌ಗೆಂದು. ಸಲೂನ್‌ನ ಮೈ ಸಿದ್ಧವಾಗದ ಕಾರಣ, 1948ರ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಎಂಜಿನ್ ತೋರಿಸಲು ಬೇಗಬೇಗ ಒಂದು ಸ್ಪೋರ್ಟ್ಸ್ ಕಾರು ಮಾಡಿದರು. ಅದು ಎಕ್ಸ್‌ಕೆ120. ಅದರ ರೂಪ ನೋಡಿದ ಮೇಲೆ ಅದನ್ನು ಬರೀ ಪ್ರದರ್ಶನಕ್ಕೆ ಇಡುವುದು ಸಾಧ್ಯವಾಗಲಿಲ್ಲ. ಎಂಜಿನ್ ಹೋಗಬೇಕಾಗಿದ್ದ ಮಾರ್ಕ್ 7 ಸಲೂನ್ 1950ರಲ್ಲಿ ಬಂತು.

ಭಾರತದಲ್ಲಿ ಇದರ ಇನ್ನೊಂದು ಎಳೆ ಮದ್ರಾಸಿನಲ್ಲಿದೆ. ಅಲ್ಲಿ 1960ರ ದಶಕದಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮೂಲತಃ ಟ್ರಯಂಫ್ ಹೆರಾಲ್ಡ್. ಆ ಕಾಲದ ಬಹುತೇಕ ಸಲೂನ್‌ಗಳು ಚಾಸಿ ಬಿಟ್ಟು ಮೈಯೇ ಭಾರ ಹೊರುವ ವಿನ್ಯಾಸಕ್ಕೆ ಬಂದಿದ್ದರೆ, ಹೆರಾಲ್ಡ್‌ಗೆ ಪ್ರತ್ಯೇಕ ಚಾಸಿ ಇತ್ತು. ಅದರಿಂದಾಗಿಯೇ ಅದನ್ನು ಗಿಡ್ಡ ಮಾಡಿ, ಮೇಲೆ ಬೇರೆ ಮೈ ಕೂರಿಸಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಮಾಡಲು ಸಾಧ್ಯವಾಯಿತು. ಬೆಂಗಳೂರಿನ ಓಣಿಗಳಲ್ಲಿ ಹೆರಾಲ್ಡ್‌ನ ಮುಂಭಾಗ ಇಡಿಯಾಗಿ ಮುಂದಕ್ಕೆ ಮಗುಚಿಕೊಂಡು ಮೆಕ್ಯಾನಿಕ್‌ಗಳು ಟೈರಿನ ಮೇಲೆ ಕೂತು ಕೆಲಸ ಮಾಡುತ್ತಿದ್ದುದನ್ನು ನೋಡಿದವರು ಸ್ಪಿಟ್‌ಫೈರ್‌ನ ಬಾನೆಟ್ಟನ್ನೂ ನೋಡಿದಂತೆಯೇ.

ಸ್ಟಿಯರಿಂಗ್ ಮತ್ತು ಸಸ್ಪೆನ್ಷನ್‌ನಲ್ಲಿ ಅಲೆಕ್ ಇಸ್ಸಿಗೊನಿಸ್ ಎಂಬ ಒಬ್ಬ ಎಂಜಿನಿಯರ್‌ನ ಕೈ ಎಲ್ಲ ಕಡೆ ಕಾಣುತ್ತದೆ. 1959ರ ಮಿನಿಯಿಂದ ಜಗತ್ತಿಗೆ ಗೊತ್ತಾದವರು. ಅದಕ್ಕೆ ಮೊದಲು 1948ರ ಮೋರಿಸ್ ಮೈನರ್ ಅವರದು. ಮಾದರಿ ಸಿದ್ಧವಾದ ಮೇಲೆ ಕಾರು ತೀರ ಕಿರಿದಾಗಿದೆ ಅನ್ನಿಸಿ, ಅದನ್ನು ಉದ್ದಕ್ಕೆ ಸೀಳಿ, ಎರಡು ಹೋಳನ್ನು ದೂರ ಸರಿಸಿ ನೋಡಿ, ನಾಲ್ಕು ಇಂಚು ಅಗಲ ಮಾಡಿದರು. ಮೈನರ್‌ನ ಬಾನೆಟ್ ನಡುವಿನ ಚಪ್ಪಟೆ ಪಟ್ಟಿ ಆ ನಾಲ್ಕು ಇಂಚಿನ ಗುರುತು. ಮೈನರ್‌ನ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್ ಇಲ್ಲ. ಕಾರಿನ ಉದ್ದಕ್ಕೆ ಮಲಗಿಸಿದ ಉಕ್ಕಿನ ಸರಳು ಇದೆ. ಒಂದು ತುದಿ ಚಕ್ರದ ತೋಳಿಗೆ, ಇನ್ನೊಂದು ತುದಿ ಹಿಂದೆ ಮೈಗೆ ಬಿಗಿ. ಚಕ್ರ ಗುಂಡಿಗೆ ಬಿದ್ದು ಎದ್ದಾಗ ಸರಳು ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಅಂಬಾಸಿಡರ್‌ನಲ್ಲೂ ಇದೇ ವ್ಯವಸ್ಥೆ. ಎಂಜಿಎಗೆ ಮಾತ್ರ ಸುರುಳಿ ಸ್ಪ್ರಿಂಗ್. ಅದೂ 1947ರ ಎಂಜಿ ವೈ ಎಂಬ ಸಲೂನ್‌ನಿಂದ ಬಂದದ್ದು, ಅದರಲ್ಲೂ ಇಸ್ಸಿಗೊನಿಸ್ ಕೈವಾಡವಿದೆ. ಇಲ್ಲಿ ಶಾಕ್ ಅಬ್ಸಾರ್ಬರ್ ಕೊಳವೆಯಂತಿಲ್ಲ, ಎಣ್ಣೆ ತುಂಬಿದ ಪೆಟ್ಟಿಗೆಯಿಂದ ಹೊರಬಂದ ತೋಳು. ಆ ತೋಳೇ ಚಕ್ರವನ್ನು ಮೇಲಿನಿಂದ ಹಿಡಿದಿರುತ್ತದೆ. ಹಾಗಾಗಿ ಎಣ್ಣೆ ಸೋರಿದರೆ ಕಾರು ತೂಗಾಡುವುದಷ್ಟೇ ಅಲ್ಲ, ತೋಳಿನ ಬೇರಿಂಗ್ ಸವೆದರೆ ಚಕ್ರವೇ ವಾಲುತ್ತದೆ. ಪ್ರತಿ ಸರ್ವಿಸಿನಲ್ಲೂ ಅದರ ಎಣ್ಣೆ ನೋಡಲೇಬೇಕು.

ಕರೆಂಟಿನ ವಿಷಯದಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಈ ಕಾರುಗಳಲ್ಲಿ 1960ರ ದಶಕದ ನಡುಭಾಗದವರೆಗೂ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಚಾಸಿಗೆ ಕಟ್ಟಿರುತ್ತಾರೆ. ಈಗಿನ ಕಾರುಗಳಲ್ಲಿ ನೆಗೆಟಿವ್. ಇಂದಿನ ರೇಡಿಯೊ ಅಥವಾ ಫೋನ್ ಚಾರ್ಜರಿನ ಲೋಹದ ಮೈ ನೆಗೆಟಿವ್ ಆಗಿರುತ್ತದೆ. ಅದನ್ನು ಹಳೆಯ ಕಾರಿನ ಡ್ಯಾಶ್‌ಬೋರ್ಡಿಗೆ ಬಿಗಿದ ಕ್ಷಣವೇ ಶಾರ್ಟ್. ಬದಲಿಸಲು ಬರುತ್ತದೆ: ಬ್ಯಾಟರಿ ತಿರುಗಿಸಿ, ಕಾಯಿಲ್‌ನ ಎರಡು ವೈರು ಅದಲುಬದಲು ಮಾಡಿ, ಡೈನಮೊದ ಫೀಲ್ಡ್ ತುದಿಗೆ ಬ್ಯಾಟರಿಯ ಕರೆಂಟನ್ನು ಒಂದೆರಡು ಸಲ ಕ್ಷಣಕಾಲ ಮುಟ್ಟಿಸಿ ಅದರ ಕಾಂತದ ದಿಕ್ಕು ಬದಲಿಸಬೇಕು. ಎಂಜಿಎಯಲ್ಲಿ ಆರಾರು ವೋಲ್ಟಿನ ಎರಡು ಬ್ಯಾಟರಿ ಸೀಟಿನ ಹಿಂದೆ ಅಡಗಿರುತ್ತವೆ ಎಂಬುದೂ ನೆನಪಿರಲಿ. ಡೈನಮೊ ಆಲ್ಟರ್ನೇಟರ್ ಅಲ್ಲ, ಐಡ್ಲಿಂಗ್‌ನಲ್ಲಿ ಅದು ಬ್ಯಾಟರಿಗೆ ಏನೂ ಕೊಡುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಕೆಂಪು ದೀಪ ಮಿಣುಕಿದರೆ ಗಾಬರಿ ಬೇಡ. ಸಂಜೆಯ ಟ್ರಾಫಿಕ್ಕಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು ಗಂಟೆಗಟ್ಟಲೆ ತೆವಳಿದರೆ ಮಾತ್ರ ಬ್ಯಾಟರಿ ಖಾಲಿಯಾಗುತ್ತದೆ.

ಎಂಜಿಎಯ ಕೀಲಿ ತಿರುಗಿಸಿದಾಗ ಸೆಲ್ಫ್ ಹೊಡೆಯುವ ಮೊದಲು ಹಿಂದಿನಿಂದ ಟಿಕ್-ಟಿಕ್-ಟಿಕ್ ಎಂಬ ಸದ್ದು ಬಂದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಅದು ಎಸ್‌ಯು ವಿದ್ಯುತ್ ಪಂಪು. ವಿದ್ಯುತ್ಕಾಂತ ಒಂದು ಪೊರೆಯನ್ನು ಎಳೆಯುತ್ತದೆ, ಎಳೆದ ಕೂಡಲೇ ಪಾಯಿಂಟ್ ಬಿಟ್ಟುಕೊಂಡು ಕರೆಂಟು ಕಡಿಯುತ್ತದೆ, ಸ್ಪ್ರಿಂಗ್ ಪೊರೆಯನ್ನು ತಳ್ಳಿ ಪೆಟ್ರೋಲ್ ಮುಂದಕ್ಕೆ ಕಳಿಸುತ್ತದೆ. ಕಾರ್ಬೊರೇಟರ್ ತುಂಬಿದಾಗ ತಳ್ಳಲು ಜಾಗವಿಲ್ಲದೆ ಪಂಪು ನಿಲ್ಲುತ್ತದೆ. ಸದ್ದೇ ಬರದಿದ್ದರೆ ಪಾಯಿಂಟ್ ಅಂಟಿಕೊಂಡಿದೆ, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಮನೆ ಮುಟ್ಟುವವರೆಗೆ ಓಡುತ್ತದೆ. ಸದ್ದು ನಿಲ್ಲದೇ ಇದ್ದರೆ ಟ್ಯಾಂಕ್ ಖಾಲಿ, ಅಥವಾ ಎಲ್ಲೋ ಪೆಟ್ರೋಲ್ ಸೋರುತ್ತಿದೆ. ಆಗ ಕೂಡಲೇ ಕೀಲಿ ಆಫ್ ಮಾಡಿ.

ಸ್ಪ್ಯಾನರ್ ಬಗ್ಗೆ ಒಂದು ಮಾತು. 1950ರ ದಶಕದಲ್ಲಿ ಬಿಎಂಸಿ ಅಮೆರಿಕದೊಂದಿಗೆ ಹೊಂದುವ ಹೊಸ ಇಂಚಿನ ಥ್ರೆಡ್‌ಗೆ ಬದಲಾಯಿತು. ಅದಕ್ಕೆ ಮೊದಲು ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆ. ಎಂಜಿ ಟಿಸಿಯದಂತೂ ವಿಚಿತ್ರ. ಅದರ ಎಂಜಿನ್ ಮಾಡಿದ ಕಾರ್ಖಾನೆ ಹಿಂದೆ ಫ್ರೆಂಚ್ ಕಂಪನಿ ಹೊಚ್‌ಕಿಸ್‌ನದಾಗಿತ್ತು, ಯಂತ್ರಗಳೆಲ್ಲ ಮೆಟ್ರಿಕ್. ಹಾಗಾಗಿ ಬೋಲ್ಟಿನ ಥ್ರೆಡ್ ಮೆಟ್ರಿಕ್, ಆದರೆ ಇಂಗ್ಲಿಷ್ ಮೆಕ್ಯಾನಿಕ್‌ನ ಸ್ಪ್ಯಾನರ್ ಕೂರಲೆಂದು ತಲೆ ವಿಟ್‌ವರ್ತ್ ಅಳತೆಯದು. ತಲೆ ನೋಡಿ ಬೋಲ್ಟ್ ಕೊಳ್ಳುವವರು ಅಲ್ಲಿ ಥ್ರೆಡ್ ಕೆಡಿಸುತ್ತಾರೆ.

ಈಗ ಇಂಥ ಕಾರು ಇಟ್ಟುಕೊಂಡವರು, ಅಂಬಾಸಿಡರ್ ಆಗಲಿ ಎಂಜಿಎ ಆಗಲಿ, ಎದುರಿಸಬೇಕಾದುದು ಪೆಟ್ರೋಲಿನ ಎರಡು ಬದಲಾವಣೆ. 2000ನೇ ಇಸವಿಯ ಹೊತ್ತಿಗೆ ಬ್ರಿಟನ್ನಿನಲ್ಲೂ ನಮ್ಮಲ್ಲೂ ಸೀಸದ ಪೆಟ್ರೋಲ್ ನಿಂತಿತು. ಒಳ್ಳೆಯದೇ ಆಯಿತು. ಆದರೆ ಹಳೆಯ ಎರಕದ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವ್ ಬಡಿಯುವ ಸೀಟಿಗೆ ಸೀಸದ ತೆಳು ಪದರವೇ ರಕ್ಷೆಯಾಗಿತ್ತು. ಈಗ ಸೀಟು ಮೆಲ್ಲಗೆ ತಗ್ಗುತ್ತ ಹೋಗುತ್ತದೆ. ಟ್ಯಾಪೆಟ್ ಸಂದು ಮತ್ತೆ ಮತ್ತೆ ತಾನಾಗಿಯೇ ಕಡಿಮೆಯಾಗುತ್ತಿದ್ದರೆ ಅದೇ ಲಕ್ಷಣ. ಮುಂದಿನ ಸಲ ಹೆಡ್ ಬಿಚ್ಚಿದಾಗ ಗಟ್ಟಿ ಉಕ್ಕಿನ ಸೀಟ್ ಹಾಕಿಸಿಬಿಡಿ, ಆಮೇಲೆ ಚಿಂತೆಯಿಲ್ಲ. ಎರಡನೆಯದು ಎಥನಾಲ್. ನಮ್ಮ ಬಂಕ್‌ಗಳಲ್ಲಿ ಈಗ ಶೇ 20ರಷ್ಟು ಬೆರೆತಿರುತ್ತದೆ. ಅದು ಹಳೆಯ ರಬ್ಬರನ್ನು ಒಳಗಿಂದ ಮೆತ್ತಗೆ ಮಾಡುತ್ತದೆ, ನೀರನ್ನು ಹೀರುತ್ತದೆ, ನಿಂತೇ ಇದ್ದ ಟ್ಯಾಂಕಿನಲ್ಲಿ ತುಕ್ಕು ಎಬ್ಬಿಸುತ್ತದೆ. ತಿಂಗಳುಗಟ್ಟಲೆ ಓಡಿಸದ ಕಾರಿನ ಟ್ಯಾಂಕ್ ಖಾಲಿ ಮಾಡಿ ಇಡಿ. ಪೆಟ್ರೋಲ್ ಪೈಪುಗಳನ್ನೂ ಪಂಪಿನ ಪೊರೆಯನ್ನೂ ಫ್ಲೋಟ್ ಚೇಂಬರಿನ ವಾಷರುಗಳನ್ನೂ ಎಥನಾಲ್ ತಡೆಯುವ ರಬ್ಬರಿನವಕ್ಕೆ ಬದಲಿಸಿ. ಎಥನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಮೊದಲಿನ ಸೆಟ್ಟಿಂಗ್ ಈಗ ಲೀನ್ ಆಗಿರುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ. ಜೆಟ್ಟಿನ ನಟ್ಟನ್ನು ಒಂದೆರಡು ಮುಖ ಕೆಳಗಿಳಿಸಿ, ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ, ಎಂಜಿನ್ ಏನು ಹೇಳುತ್ತದೆ ಕೇಳಿ.